ವಂಡರ್‌ಲಾದಲ್ಲಿ ರಿಕಾಯಿಲ್ ಹತ್ತುವವರಿಗೆ

ರಿಕಾಯಿಲ್ ಎಂದರೆ ಮುಂದಕ್ಕೂ ಹಿಂದಕ್ಕೂ ಓಡುವ ರೋಲರ್ ಕೋಸ್ಟರ್. ಗೇಟು ತೆರೆದ ಕೂಡಲೇ ಮೊದಲು ಇದರತ್ತ ಹೋಗಿ, ನೀರಾಟ ಮಧ್ಯಾಹ್ನಕ್ಕಿರಲಿ. ಹಳಿಯ ಮೇಲೆ ಒಂದೇ ರೈಲು. ಅದು ಮರಳಿ ಬಂದು ಖಾಲಿಯಾಗುವವರೆಗೆ ಮುಂದಿನವರು ಹತ್ತುವಂತಿಲ್ಲ. ಹಾಗಾಗಿ ಚಿಕ್ಕದಾಗಿ ಕಾಣುವ ಸಾಲೂ ನಿಧಾನಕ್ಕೆ ಸಾಗುತ್ತದೆ. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ಮುನ್ನ ಎತ್ತರದ ಮಿತಿ ಬರೆದಿರುವ ಬೋರ್ಡು ನೋಡಿ.

ರೈಲನ್ನು ಮೊದಲು ಹಿಮ್ಮುಖವಾಗಿ ಮೇಲಕ್ಕೆಳೆಯುತ್ತಾರೆ, ನಿಮ್ಮ ಮುಖ ನೆಲದ ಕಡೆಗಿರುತ್ತದೆ. ಬಿಟ್ಟೊಡನೆ ನಿಲ್ದಾಣ ದಾಟಿ ಮೂರು ಸಲ ತಲೆಕೆಳಗು, ಎದುರಿನ ಏರಿಗೆ ಹತ್ತಿ, ಅದೇ ದಾರಿಯಲ್ಲಿ ಹಿಂದುಹಿಂದಕ್ಕೆ ಮತ್ತೆ ಮೂರು. ಮೊದಲ ಇಳಿತದ ಮಜಾ ಬೇಕಿದ್ದರೆ ಕೊನೆಯ ಸಾಲಿನ ಸೀಟು: ಅದೇ ಅತಿ ಎತ್ತರಕ್ಕೆ ಹೋಗುವುದು. ಎದುರಿನ ಏರಿನಲ್ಲಿ ಮಾತ್ರ ಎಲ್ಲಕ್ಕಿಂತ ಮುಂದಿನ ಸಾಲಿಗೆ ಆ ಅದೃಷ್ಟ. ಮೊದಲ ಸಲದವರಿಗೆ ಮಧ್ಯದ ಸಾಲೇ ವಾಸಿ.

ಹೆಚ್ಚಿನವರು ದೂರುವುದು ಕಿವಿನೋವಿನ ಬಗ್ಗೆ. ತಲೆ ಸಡಿಲ ಬಿಟ್ಟರೆ ತಿರುವಿನಲ್ಲಿ ಭುಜಪಟ್ಟಿಗೆ ಬಡಿಯುತ್ತದೆ. ಬೆನ್ನು ಪೂರ್ತಿ ಒರಗಿಸಿ ಕೂತು, ಪಟ್ಟಿ ಕೆಳಗೆಳೆದು, ತಲೆಯನ್ನು ಹಿಂದಕ್ಕೆ ಒತ್ತಿ ಹಿಡಿಯಿರಿ. ಬಗ್ಗಿ ಪಕ್ಕದವರನ್ನು ನೋಡಬೇಡಿ. ಓಲೆ, ಜುಮುಕಿ ಮೊದಲೇ ತೆಗೆದಿಡಿ. ಫೋನು, ಕನ್ನಡಕ, ಕೀಲಿಗೊಂಚಲು ಲಾಕರಿನಲ್ಲಿರಲಿ. ತಲೆಕೆಳಗಾದಾಗ ಜೇಬನ್ನು ನಂಬುವ ಧೈರ್ಯ ಯಾಕೆ?

ವಾಕರಿಕೆ ಬರುವುದು ಬಹುಪಾಲು ಹಿಮ್ಮುಖ ಸುತ್ತಿನಲ್ಲಿ, ಏಕೆಂದರೆ ಮುಂದಿನ ತಿರುವು ಕಾಣದು. ಕಣ್ಣು ಮುಚ್ಚಬೇಡಿ, ಎದುರಿನ ಹಳಿಯನ್ನೇ ನೋಡಿ. ಬೆಳಗ್ಗೆ ಎರಡು ಇಡ್ಲಿ ಸಾಕು. ಪೂರಿ-ಸಾಗು ಬೇಡ, ಬರಿಹೊಟ್ಟೆಯೂ ಬೇಡ. ಬೆನ್ನು, ಕುತ್ತಿಗೆ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಹತ್ತಲೇಬಾರದು.