ಮಗುವಿಗೆ ಜ್ವರದ ಔಷಧಿ: ಮೊದಲು ಮಿಲಿಗ್ರಾಂ, ಆಮೇಲೆ ಎಂ.ಎಲ್.

‘ಎಷ್ಟು ಎಂ.ಎಲ್. ಹಾಕಲಿ?’ ಮಗುವಿನ ಮೈ ಬಿಸಿಯಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಕೈಯಲ್ಲಿರುವ ಬಾಟಲಿ ಯಾವುದೆಂದು ತಿಳಿಯದೆ ಇದಕ್ಕೆ ಉತ್ತರವಿಲ್ಲ.

1. ವಯಸ್ಸು ನೋಡಿ. ಮೂರು ತಿಂಗಳು ತುಂಬದ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರವಿದ್ದರೆ ಮನೆಯಲ್ಲಿ ಏನೂ ಕೊಡಬೇಡಿ, ತಕ್ಷಣ ವೈದ್ಯರಿಗೆ ತೋರಿಸಿ.

2. ತೂಕ ನೋಡಿ. ಮಗುವನ್ನು ಎತ್ತಿಕೊಂಡು ತಕ್ಕಡಿ ಏರಿ, ನಿಮ್ಮ ತೂಕ ಕಳೆದರೆ ಸಾಕು.

3. ಲೆಕ್ಕ ಹಾಕಿ. ಎಡವುವುದು ಇಲ್ಲೇ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ. 8 ಕಿಲೋ ಮಗುವಿಗೆ ಹೆಚ್ಚೆಂದರೆ 120 ಮಿ.ಗ್ರಾಂ. ಲೇಬಲ್ ಮೇಲೆ ‘5 ಎಂ.ಎಲ್.ನಲ್ಲಿ 120 ಮಿ.ಗ್ರಾಂ’ ಎಂದಿದ್ದರೆ 5 ಎಂ.ಎಲ್., ‘5 ಎಂ.ಎಲ್.ನಲ್ಲಿ 250’ ಎಂದಿದ್ದರೆ 2.4 ಎಂ.ಎಲ್. ‘1 ಎಂ.ಎಲ್.ನಲ್ಲಿ 100’ ಇರುವ ಡ್ರಾಪ್ಸ್ ಆದರೆ ಬರೀ 1.2 ಎಂ.ಎಲ್. ಡ್ರಾಪ್ಸ್ ಎಳೆಗೂಸುಗಳದ್ದು, ಹಾಗಾಗಿ ತೆಳು ಎಂದುಕೊಳ್ಳುತ್ತಾರೆ. ಅಲ್ಲ, ಈ ಮೂರರಲ್ಲಿ ಅದೇ ಗಟ್ಟಿ. ಸಿರಪ್ಪಿನ ಅಳತೆಯಲ್ಲೇ ಡ್ರಾಪ್ಸ್ 5 ಎಂ.ಎಲ್. ಕುಡಿಸಿದರೆ 500 ಮಿ.ಗ್ರಾಂ ಒಳಗೆ ಹೋಗುತ್ತದೆ, ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು. ಹೊಸ ಬಾಟಲಿ ತಂದಾಗಲೆಲ್ಲ ಲೆಕ್ಕವನ್ನೂ ಹೊಸದಾಗಿ ಹಾಕಿ, ಮನೆಯಲ್ಲಿ ಇನ್ನೊಬ್ಬರಿಂದ ಓದಿಸಿ. ಎರಡು ಬಗೆಯ ಬಾಟಲಿ ಒಟ್ಟಿಗೆ ಇಡುವುದೇ ಬೇಡ.

4. ಅಳೆಯಿರಿ. ಅಡುಗೆಮನೆಯ ಚಮಚವನ್ನು ಮರೆತುಬಿಡಿ, ಒಂದೊಂದರದು ಒಂದೊಂದು ಅಳತೆ. ಬಾಟಲಿಯ ಮುಚ್ಚಳದಂಥ ಲೋಟವೂ ಸಣ್ಣ ಅಳತೆಗೆ ನಂಬಿಕಸ್ಥವಲ್ಲ. ಸೂಜಿಯಿಲ್ಲದ, ಬಾಯಿಗೆ ಹಾಕುವ ಸಿರಿಂಜೇ ಇರಲಿ. ಅದರ ತುದಿಯ ಪುಟ್ಟ ಮುಚ್ಚಳವನ್ನು ಮೊದಲೇ ತೆಗೆದು ಎಸೆಯಿರಿ, ಮಗುವಿನ ಗಂಟಲಿಗೆ ಸಿಕ್ಕೀತು. ಬಾಟಲಿಯನ್ನು ಚೆನ್ನಾಗಿ ಕುಲುಕಿ. ಕುಲುಕದಿದ್ದರೆ ಔಷಧಿ ತಳಕ್ಕಿಳಿದು, ಮೊದಲ ಡೋಸು ತೆಳುವಾಗಿ ಕೊನೆಯದು ಗಟ್ಟಿಯಾಗುತ್ತದೆ. ಎಳೆದಾಗ ಗಾಳಿಗುಳ್ಳೆ ಬಂದರೆ ತುದಿ ಮೇಲೆ ಮಾಡಿ ಬೆರಳಿನಿಂದ ತಟ್ಟಿ, ಗಾಳಿ ಹೊರದೂಡಿ, ಮತ್ತೆ ಗೆರೆಗೆ ಸರಿಯಾಗಿ ತುಂಬಿ.

5. ಕುಡಿಸಿ. ಮಲಗಿಸಿ, ಮೂಗು ಹಿಡಿದು ಸುರಿಯುವ ಅಭ್ಯಾಸ ದಯವಿಟ್ಟು ಬಿಡಿ, ಔಷಧಿ ಉಸಿರುನಾಳಕ್ಕೆ ಹೋಗುತ್ತದೆ. ತಲೆ ಎತ್ತರವಾಗಿರುವಂತೆ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ನುಂಗಿದ ಮೇಲೆ ಮುಂದಿನದು. ಬಾಟಲಿ ಹಾಲಿಗೆ ಬೆರೆಸಬೇಡಿ. ಹಾಲು ಉಳಿಸಿದರೆ ಎಷ್ಟು ಔಷಧಿ ಹೋಯಿತೆಂದು ತಿಳಿಯುವುದಿಲ್ಲ. ವಾಂತಿಯಾದರೆ ಕೂಡಲೇ ಮತ್ತೊಂದು ಡೋಸು ಹಾಕದೆ ವೈದ್ಯರನ್ನು ಕೇಳಿ.

6. ಹೊತ್ತು ಬರೆದಿಡಿ. ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕೇ ಸಲ. ಅಮ್ಮ ಕೊಟ್ಟದ್ದು ಗೊತ್ತಿಲ್ಲದೆ ಅಜ್ಜಿ ಮತ್ತೆ ಕೊಡುವುದು ಈ ಒಂದು ಚೀಟಿಯಿಂದ ತಪ್ಪುತ್ತದೆ. ಜ್ವರ ಇಳಿಸಲೆಂದು ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸಬೇಕಿಲ್ಲ.

ನೆಗಡಿ-ಕೆಮ್ಮಿನ ಮಿಶ್ರ ಸಿರಪ್ಪುಗಳನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಲೇಬೇಡಿ. ಲಾಭ ಕಾಣದು, ಮೇಲಾಗಿ ಕೆಲವದರಲ್ಲಿ ಪ್ಯಾರಾಸಿಟಮಾಲ್ ಸೇರಿರುವುದರಿಂದ ಡೋಸು ಎರಡಾಗುತ್ತದೆ. ಆಸ್ಪಿರಿನ್ 16 ವರ್ಷದೊಳಗೆ ಸಲ್ಲದು: ಮಿದುಳು, ಯಕೃತ್ತಿಗೆ ಪೆಟ್ಟು ಕೊಡುವ ರೇಯ್ ಸಿಂಡ್ರೋಮ್‌ನ ಭಯವಿದೆ. ವಾಂತಿ-ಭೇದಿಯಿಂದ ಸೊರಗಿದ ಮಗುವಿಗೆ ಜ್ವರದ ಇನ್ನೊಂದು ಔಷಧಿಯಾದ ಐಬುಪ್ರೊಫೇನ್ ಬೇಡ, ಮೂತ್ರಪಿಂಡಕ್ಕೆ ಹಾನಿ. ಕೆಮ್ಮಿಗೆ ಜೇನುತುಪ್ಪವೂ ವರ್ಷ ತುಂಬಿದ ಮೇಲೆಯೇ.

ಡೋಸು ಹೆಚ್ಚಾಗಿ ಹೋಯಿತೆಂದು ಗೊತ್ತಾದರೆ, ಮಗು ಆಡಿಕೊಂಡಿದೆ ಎಂದು ಕಾಯುತ್ತ ಕೂರಬೇಡಿ. ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುವಾಗ ಮೊದಲ ದಿನ ಏನೂ ಕಾಣಿಸದಿರಬಹುದು. ಅದರ ವಿಷ ಇಳಿಸುವ ಪ್ರತ್ಯೌಷಧ ಬೇಗ ಸಿಕ್ಕಷ್ಟೂ ಒಳ್ಳೆಯದು. ವಾಂತಿ ಮಾಡಿಸಲು ಹೋಗದೆ, ಬಾಟಲಿಯನ್ನೂ ಹೊತ್ತು ಬರೆದ ಚೀಟಿಯನ್ನೂ ಹಿಡಿದು ಆಸ್ಪತ್ರೆಗೆ ಹೊರಡಿ.