ಟ್ಯೂಬಿಂಗನ್‌ನಲ್ಲಿ ಸ್ಟೀಲ್ ಡಬ್ಬ ತಿರುಗಿಸಿದ ಕಥೆ: ನನ್ನ ಅನುಭವ

ಜರ್ಮನಿಯ ಟ್ಯೂಬಿಂಗನ್‌ನಲ್ಲಿರುವ ನನ್ನ ಅಡುಗೆಮನೆಯಿಂದ ಪಾರ್ಸೆಲ್ ಹೋದ ಸ್ಟೀಲ್ ಡಬ್ಬ ವಾಪಸ್ ಬರುತ್ತಿದೆ. ಅದೂ ಮೂರ್ನಾಲ್ಕು ದಿನದೊಳಗೆ. ಇದನ್ನು ಬರೆಯುವುದಕ್ಕೆ ಕಾರಣ ಅಷ್ಟೇ.

ಜರ್ಮನಿಯಲ್ಲಿ ಅಡುಗೆಮನೆ ನಡೆಸುವ ನಮ್ಮವರಲ್ಲಿ ಜಾಸ್ತಿ ಜನ ಇದು ಆಗುವುದಿಲ್ಲ ಅಂದಿದ್ದರು. ಸ್ಟುಟ್‌ಗಾರ್ಟ್‌ನಲ್ಲಿ ಹೋಟೆಲ್ ಇಟ್ಟಿರುವ ಮಂಡ್ಯದ ಗೆಳೆಯನಂತೂ ನೇರವಾಗಿ ಹೇಳಿದ್ದ: "ಗುರು, ಸ್ಟೀಲ್ ಡಬ್ಬ ಕೊಟ್ರೆ ಜನ ಮನೇಲಿ ಇಟ್ಕೋತಾರೆ. ಮೈಕ್ರೋವೇವ್‌ಗೂ ಹೋಗಲ್ಲ. ಸುಮ್ನೆ ದುಡ್ಡು ಹಾಳು ಮಾಡ್ಬೇಡ." ಹೋದ ತಿಂಗಳು ಅವನೇ ಫೋನ್ ಮಾಡಿ ಡಬ್ಬದ ಅಳತೆ ಕೇಳಿದ. ನನಗೆ ಖುಷಿಯಾಯಿತು, ಮುಚ್ಚಿಡುವುದೇಕೆ.

ಜರ್ಮನಿಯ 2023ರ ಕಾನೂನು ಇಲ್ಲಿ ಅಂಗಡಿ ನಡೆಸುವವರಿಗೆಲ್ಲ ಗೊತ್ತು. ಪ್ಲಾಸ್ಟಿಕ್ ಇರುವ ಯೂಸ್ ಅಂಡ್ ಥ್ರೋ ಡಬ್ಬದಲ್ಲಿ ಪಾರ್ಸೆಲ್ ಕೊಡುವವರು ಮರುಬಳಕೆ ಡಬ್ಬವನ್ನೂ ಇಡಬೇಕು, ಅದಕ್ಕೆ ಜಾಸ್ತಿ ಬೆಲೆ ಹಾಕುವಂತಿಲ್ಲ. 80 ಚದರ ಮೀಟರ್, ಐದು ಕೆಲಸಗಾರರ ಒಳಗಿನ ಅಂಗಡಿಗೆ ವಿನಾಯಿತಿ. ಗ್ರಾಹಕರು ತಂದ ಪಾತ್ರೆಗೆ ಹಾಕಿಕೊಟ್ಟರೆ ಸಾಕು. ನನ್ನದು ಆ ವಿನಾಯಿತಿಯಲ್ಲೇ ಬರುತ್ತದೆ. ಆದರೆ ಟ್ಯೂಬಿಂಗನ್‌ನಲ್ಲಿ 2022ರ ಜನವರಿಯಿಂದ ಬೇರೆ ತೆರಿಗೆಯೂ ಇದೆ. ಒಂದು ಯೂಸ್ ಅಂಡ್ ಥ್ರೋ ಡಬ್ಬಕ್ಕೆ 50 ಸೆಂಟ್, ಚಮಚ ಫೋರ್ಕ್‌ಗೆ 20 ಸೆಂಟ್. ಕಬ್ಬಿನ ಸಿಪ್ಪೆಯ ಡಬ್ಬ, ಪೇಪರ್ ಡಬ್ಬ ಅಂದರೂ ಬಿಡುವುದಿಲ್ಲ. ಮೇಯರ್ ಬೋರಿಸ್ ಪಾಲ್ಮರ್ ಹಟ ಹಿಡಿದು ತಂದ ತೆರಿಗೆ ಇದು. ಮೆಕ್‌ಡೊನಾಲ್ಡ್ಸ್ ಅಂಗಡಿ ನಡೆಸುವವರೊಬ್ಬರು ಕೋರ್ಟಿಗೆ ಹೋದರು, ಮೊದಲು ಗೆದ್ದರು, 2023ರಲ್ಲಿ ಲೈಪ್‌ಜಿಗ್‌ನ ಮೇಲಿನ ಕೋರ್ಟಿನಲ್ಲಿ ಸೋತರು, 2025ರ ಜನವರಿಯಲ್ಲಿ ಕಾರ್ಲ್ಸ್‌ರೂಎ ಸಂವಿಧಾನ ನ್ಯಾಯಾಲಯವೂ ತೆರಿಗೆ ಸರಿ ಅಂದಿತು. ಅಷ್ಟು ದಿನವೂ ಇಲ್ಲಿನ ಅಂಗಡಿಯವರು ತೆರಿಗೆ ಬಿದ್ದುಹೋಗುತ್ತದೆ ಎಂದು ಕಾಯುತ್ತಲೇ ಇದ್ದರು. ನಾನು ಕಾಯಲಿಲ್ಲ.

ಮೊದಲು ತೆಗೆದುಕೊಂಡದ್ದು ಮರುಬಳಕೆಯ ಪ್ಲಾಸ್ಟಿಕ್ ಬೌಲ್. ಎಲ್ಲರೂ ಅದನ್ನೇ ಇಟ್ಟಿದ್ದರು. ಸಲಾಡ್ ಅಂಗಡಿಗೆ ಅದು ಚೆನ್ನಾಗಿದೆ. ನಮ್ಮ ಬಿಸಿಬೇಳೆಬಾತ್‌ಗೆ ಅಲ್ಲ. ಎಣ್ಣೆಯ ಜೊತೆ ಸೇರಿದ ಅರಿಶಿನ ಪ್ಲಾಸ್ಟಿಕ್ ಒಳಗೇ ಇಳಿಯುತ್ತದೆ, ನಾಲ್ಕೈದು ಸುತ್ತಿಗೆ ಬೌಲ್ ಹಳದಿ. ತೊಳೆದದ್ದೇ, ಶುಚಿಯಾಗಿದ್ದದ್ದೇ, ಆದರೂ ಗ್ರಾಹಕ ಮುಚ್ಚಳ ತೆಗೆದು ಮುಖ ಸಿಂಡರಿಸಿದರೆ ಮುಗಿಯಿತು. ಬಿಸಿಲಿಗೆ ಇಟ್ಟರೆ ಆ ಹಳದಿ ಹೋಗುತ್ತದೆ, ನಾನೇ ಮಾಡಿ ನೋಡಿದ್ದೇನೆ, ಒಂದೆರಡು ದಿನದ ಒಳ್ಳೆಯ ಬಿಸಿಲಲ್ಲಿ ಬಣ್ಣ ಇಳಿಯಿತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಆ ಬಿಸಿಲು ಇಲ್ಲ. ಇಂಗಿನ ವಾಸನೆ ಮಾತ್ರ ಬಿಸಿಲಿಗೂ ಹೋಗಲಿಲ್ಲ.

ಬಣ್ಣಕ್ಕಿಂತ ದೊಡ್ಡ ತೊಂದರೆ ಒಣಗುವುದು. ಇದನ್ನು ಮಾರುವವರು ಯಾರೂ ಹೇಳುವುದಿಲ್ಲ. ಪಾತ್ರೆ ತೊಳೆಯುವ ಹುಡ್ ಮೆಷಿನ್‌ನಿಂದ ತೆಗೆದ ಪಿಂಗಾಣಿ, ಸ್ಟೀಲ್ ತಮ್ಮ ಬಿಸಿಗೇ ಒಣಗುತ್ತವೆ. ಪ್ಲಾಸ್ಟಿಕ್ ಬಿಸಿ ಹಿಡಿಯುವುದಿಲ್ಲ, ಒದ್ದೆಯಾಗಿಯೇ ಉಳಿಯುತ್ತದೆ. ಒದ್ದೆ ಡಬ್ಬ ಒಂದರ ಮೇಲೊಂದು ಪೇರಿಸುವಂತಿಲ್ಲ, ಬಟ್ಟೆಯಲ್ಲಿ ಒರೆಸಿದರೆ ಶುಚಿತ್ವದ ಪ್ರಶ್ನೆ. ಹಾಗಾಗಿ ಒಬ್ಬರು ನಿಂತು ಅಲ್ಲಾಡಿಸಿ, ರ್‍ಯಾಕ್ ತುಂಬಿಸಿ, ಮತ್ತೆ ತಿರುಗಿಸಿ ಇಡಬೇಕು. ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೊ ಆಯಿತು, ನನ್ನ ಕಡೆಯಿಂದ ಹೋಗುವ ವಿಮೆ ಎಲ್ಲ ಸೇರಿದರೆ ಇನ್ನೂ ಜಾಸ್ತಿ. ಒಂದು ಪ್ಲಾಸ್ಟಿಕ್ ಬೌಲ್ ತೊಳೆದು ಒಣಗಿಸಲು ಸುಮಾರು 25 ಸೆಂಟ್ ಬೀಳುತ್ತಿತ್ತು. ಸ್ಟೀಲ್‌ಗೆ 15ರ ಆಸುಪಾಸು.

ನಡುವೆ ಗಾಜು ನೋಡಿದೆ. ಮೈಕ್ರೋವೇವ್‌ಗೆ ಹೋಗುತ್ತದೆ, ಅರಿಶಿನ ಹಿಡಿಯುವುದಿಲ್ಲ. ಆದರೆ ಭಾರ. ಟ್ಯೂಬಿಂಗನ್ ಅಂದರೆ ಏರು ದಾರಿ, ಕಲ್ಲು ಹಾಸಿದ ಬೀದಿ. ಕಾರ್ಗೋ ಸೈಕಲ್‌ನಲ್ಲಿ ಎರಡು ಕ್ರೇಟ್ ಗಾಜು ಹೇರಿಕೊಂಡು ಬೆಟ್ಟದ ಮೇಲಿನ ಕ್ಲಿನಿಕ್ ಕಡೆ ಹೋಗಿ ನೋಡಿ, ಗೊತ್ತಾಗುತ್ತದೆ. ಒಡೆದದ್ದೂ ಕಮ್ಮಿ ಇಲ್ಲ. ಅದರಲ್ಲಿ ಕಳೆದದ್ದು ಸುಮಾರು 900 ಯೂರೊ.

ಕೊನೆಗೆ ಸ್ಟೀಲ್. ಊರಿಂದ ತರಿಸಿದರೆ ಅಗ್ಗ ಅನ್ನಿಸುತ್ತದೆ, ನಾನೂ ವಿಚಾರಿಸಿದೆ. ಇಲ್ಲಿ ಆಹಾರ ತಾಗುವ ಯಾವ ವಸ್ತುವಿಗೂ ಯುರೋಪಿನ 1935/2004 ನಿಯಮ ಅನ್ವಯಿಸುತ್ತದೆ, ಪರೀಕ್ಷೆಯ ಕಾಗದ ಬೇಕು. ನಾನು ಮಾತಾಡಿದ ವ್ಯಾಪಾರಿಯ ಹತ್ತಿರ ಡಬ್ಬ ಚೆನ್ನಾಗಿತ್ತು, ಕಾಗದ ಇರಲಿಲ್ಲ. ಒಂದು ಸಣ್ಣ ಲಾಟ್‌ಗೆ ನಾನೇ ಪರೀಕ್ಷೆ ಮಾಡಿಸಿದರೆ ಅಗ್ಗದ ಲಾಭವೆಲ್ಲ ಅದಕ್ಕೇ ಹೋಗುತ್ತದೆ. ಹಾಗಾಗಿ ಇಲ್ಲೇ, ಒಂದು ಲೀಟರ್ ಅಳತೆ, ಕ್ಲಿಪ್ ಮುಚ್ಚಳ, ಸಿಲಿಕೋನ್ ರಿಂಗ್ ಇರುವುದನ್ನು ಹೋಲ್‌ಸೇಲ್‌ನಲ್ಲಿ ತೆಗೆದುಕೊಂಡೆ. ಒಂದಕ್ಕೆ ಹತ್ತಿರ ಹತ್ತಿರ 7 ಯೂರೊ. ಮೈಕ್ರೋವೇವ್ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು: ಊಟದ ಹೊತ್ತಿಗೆ ಸರಿಯಾಗಿ ಬಿಸಿಯಾಗಿಯೇ ಕೊಡುವುದು. ಬಿಸಿ ಮಾಡುವ ಅಗತ್ಯವೇ ಬೀಳದಿದ್ದರೆ ಮೈಕ್ರೋವೇವ್ ಯಾರಿಗೆ ಬೇಕು?

ಈಗ ದುಡ್ಡಿನ ಲೆಕ್ಕ. ಕಬ್ಬಿನ ಸಿಪ್ಪೆ ಡಬ್ಬಕ್ಕೆ ನನಗೆ 30 ಸೆಂಟ್, ತೆರಿಗೆ 50. ಒಟ್ಟು 80. ಸ್ಟೀಲ್ ಡಬ್ಬ ಒಂದು ಸುತ್ತಿಗೆ ತೊಳೆಯುವುದು, ಸಾಗಿಸುವುದು ಎಲ್ಲ ಸೇರಿ 20 ಸೆಂಟ್. ಉಳಿತಾಯ 60. ಹನ್ನೆರಡು ಸುತ್ತಿಗೆ ಡಬ್ಬದ ದುಡ್ಡು ವಾಪಸ್. ತೆರಿಗೆ ಇಲ್ಲದ ಊರಲ್ಲಿ ಉಳಿಯುವುದು ಬರೀ 10 ಸೆಂಟ್, ಎಪ್ಪತ್ತು ಸುತ್ತು ಬೇಕು. ಸ್ಟೀಲ್ ಎಪ್ಪತ್ತು ಸುತ್ತು ಧಾರಾಳವಾಗಿ ತಾಳುತ್ತದೆ. ಆದರೆ ಅಷ್ಟು ಸುತ್ತು ನಿಮ್ಮ ಕೈಯಲ್ಲಿ ಇರುತ್ತದಾ? ಪ್ರತಿ ಸುತ್ತಲ್ಲಿ ನೂರಕ್ಕೆ ಐದು ಡಬ್ಬ ಮಾಯವಾದರೆ ಒಂದು ಡಬ್ಬದ ಸರಾಸರಿ ಆಯುಷ್ಯ ಇಪ್ಪತ್ತೇ ಸುತ್ತು. ನೂರಕ್ಕೆ ಎರಡಾದರೆ ಐವತ್ತು. ಡಬ್ಬ ಎಷ್ಟು ಗಟ್ಟಿ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಡಿಪಾಸಿಟ್ 2 ಯೂರೊ ಇಟ್ಟಾಗ ಡಬ್ಬಗಳು ಹೋದವು. ಎರಡು ಯೂರೊಗೆ ಅಂಥ ಡಬ್ಬ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಜನ ಅದರಲ್ಲಿ ಬೇಳೆ ತುಂಬಿಟ್ಟುಕೊಂಡರು. 10 ಇಟ್ಟಾಗ ಊಟ 9 ಯೂರೊ, ಡಬ್ಬ 10 ಯೂರೊ ಎಂದು ಕೇಳಿ ವಿದ್ಯಾರ್ಥಿಗಳು ಹಿಂದೆ ಸರಿದರು. 5ಕ್ಕೆ ನಿಂತಿತು. ಇಲ್ಲಿಯವರಿಗೆ ಬೌಲ್ ಅಂದರೆ 5 ಯೂರೊ ಅನ್ನುವುದು ಆಗಲೇ ರೂಢಿಯಾಗಿತ್ತು, ಅದೂ ಸಹಾಯವಾಯಿತು.

ಆದರೆ 5 ಯೂರೊ ಇಟ್ಟ ಮೇಲೂ ನನ್ನ ದುಡ್ಡು ಕರಗುತ್ತಿತ್ತು. ಡಬ್ಬ ಕಳೆಯುತ್ತಿರಲಿಲ್ಲ, ಬರುತ್ತಿತ್ತು. ತಡವಾಗಿ ಬರುತ್ತಿತ್ತು. ಎಲ್ಲರೂ ಎಷ್ಟು ಡಬ್ಬ ವಾಪಸ್ ಬಂತು ಎಂದು ಎಣಿಸುತ್ತಾರೆ. ಎಷ್ಟು ದಿನಕ್ಕೆ ಬಂತು ಎಂದು ಎಣಿಸಿ. ದಿನಕ್ಕೆ 60 ಡಬ್ಬ ಹೊರಗೆ ಹೋಗಿ, ಒಂದೊಂದೂ ಹನ್ನೆರಡು ದಿನ ಹೊರಗೇ ಇದ್ದರೆ ನಿಮಗೆ 720 ಡಬ್ಬ ಬೇಕು, ಐದು ಸಾವಿರ ಯೂರೊ. ಮೂರು ದಿನಕ್ಕೆ ಬಂದರೆ 180 ಸಾಕು, ಸುಮಾರು 1,260 ಯೂರೊ. ಅಡುಗೆಮನೆ ಅದೇ, ಊಟ ಅಷ್ಟೇ, ಗ್ರಾಹಕರೂ ಅವರೇ.

ಡಿಪಾಸಿಟ್ ದುಡ್ಡು ಕೈಯಲ್ಲಿ ಇರುತ್ತದಲ್ಲ ಅನ್ನಬಹುದು. ಅದು ನಮ್ಮ ದುಡ್ಡಲ್ಲ. ಟ್ಯೂಬಿಂಗನ್ ವಿದ್ಯಾರ್ಥಿಗಳ ಊರು. ಜುಲೈ ಕೊನೆಗೆ ಅವರು ಊರಿಗೆ ಹೊರಡುವಾಗ ಅಡುಗೆಮನೆ ಮೂಲೆಯಲ್ಲಿದ್ದ ನಾಲ್ಕೈದು ಡಬ್ಬ ಒಟ್ಟಿಗೇ ತಂದು ಕೌಂಟರ್ ಮೇಲಿಡುತ್ತಾರೆ. ಒಂದೇ ವಾರದಲ್ಲಿ ಒಂದೂವರೆ ಸಾವಿರ ಯೂರೊ ವಾಪಸ್ ಕೊಟ್ಟಿದ್ದೇನೆ, ಅದೂ ಆಗಸ್ಟ್‌ನ ಖಾಲಿ ವ್ಯಾಪಾರದ ಹೊಸ್ತಿಲಲ್ಲಿ. ಆ ದುಡ್ಡನ್ನು ಅಕ್ಕಿ ಎಣ್ಣೆಗೆ ಹಾಕಿಬಿಟ್ಟಿದ್ದರೆ ಬಾಡಿಗೆ ಕಟ್ಟಲು ಆಗುತ್ತಿರಲಿಲ್ಲ. ಡಿಪಾಸಿಟ್‌ಗೆ ಬೇರೆ ಖಾತೆ ತೆರೆಯಿರಿ. ಮೊದಲ ದಿನವೇ.

ದಿನ ಕಮ್ಮಿ ಮಾಡಿದ್ದು ಹೇಗೆ? ಮೂರು ಕೆಲಸ. ಖಾಲಿ ಡಬ್ಬ ತಂದವರಿಗೆ ಬೇರೆ ಸಾಲು ಮಾಡಿದೆ. ಹನ್ನೆರಡೂವರೆಗೆ ಹದಿನೈದು ಜನರ ಸಾಲಿರುವಾಗ ಡಬ್ಬ ಹಿಡಿದವರು ನೇರ ಮುಂದೆ ಬರುತ್ತಾರೆ, ಖಾಲಿ ಕೊಟ್ಟು ತುಂಬಿದ್ದು ತಗೊಂಡು ಹೋಗುತ್ತಾರೆ. ದುಡ್ಡಿನ ಮಾತೇ ಇಲ್ಲ. ರಿಯಾಯಿತಿ ಕೊಟ್ಟಾಗ ಆಗದಿದ್ದದ್ದು ಇದರಿಂದ ಒಂದೇ ತಿಂಗಳಲ್ಲಿ ಆಯಿತು. ಎರಡನೆಯದು ಆಫೀಸ್‌ಗಳು. 60×40 ಸೆಂಟಿಮೀಟರ್ ಕ್ರೇಟ್ ಒಂದನ್ನು ರಿಸೆಪ್ಷನ್ ಹತ್ತಿರ ಇಟ್ಟುಬಿಡುವುದು, ಇವತ್ತು ಊಟ ಕೊಡಲು ಹೋದವರು ನಿನ್ನೆಯ ಖಾಲಿ ತರುತ್ತಾರೆ. ಖಾಲಿ ತರುವುದಕ್ಕೆಂದೇ ಯಾರನ್ನೂ ಕಳಿಸಬೇಡಿ, ಸತ್ತುಹೋಗುತ್ತೀರಿ. ಮೂರನೆಯದು ಶುಕ್ರವಾರಕ್ಕೆ ಸಂಬಂಧಪಟ್ಟದ್ದು. ಶುಕ್ರವಾರ ಹೋದ ಡಬ್ಬ ವಾರಾಂತ್ಯದಲ್ಲಿ ಮರೆತುಹೋಗುತ್ತದೆ, ಅದಕ್ಕೆ ನಾವು ಒಂದು ಉಪಾಯ ಮಾಡಿದ್ದೇವೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಗುಂಪಿಗೆ ಸೇರುವವರಿಗೆ ಹೇಳುತ್ತೇನೆ.

ಹೌದು, ಈಗ ಗುಂಪಿದೆ. ಒಬ್ಬ ಟರ್ಕಿಯ ಅಣ್ಣ, ಒಂದು ವಿಯೆಟ್ನಾಮಿ ಕುಟುಂಬ, ಒಂದು ಸಲಾಡ್ ಅಂಗಡಿ, ನಾವು. ಸುಮಾರು ಸಾವಿರ ಡಬ್ಬ ತಿರುಗುತ್ತಿದೆ. ಯಾರ ಅಂಗಡಿಯಲ್ಲಿ ತಗೊಂಡರೂ ಯಾರ ಅಂಗಡಿಯಲ್ಲಾದರೂ ವಾಪಸ್ ಕೊಡಬಹುದು. ಮೊದಲ ಮೀಟಿಂಗ್‌ನಲ್ಲಿ ಎಲ್ಲರಿಗೂ ತಮ್ಮ ಹೆಸರು ಡಬ್ಬದ ಮೇಲೆ ಬೇಕಿತ್ತು. ನಾನು ಒಂದು ಮಿನರಲ್ ವಾಟರ್ ಬಾಟಲಿ ಮೇಜಿನ ಮೇಲಿಟ್ಟೆ. 1969ರಿಂದ ಜರ್ಮನಿಯಲ್ಲಿ ತಿರುಗುತ್ತಿರುವ, ಮೈಮೇಲೆ ಮುತ್ತಿನಂಥ ಚುಕ್ಕೆ ಇರುವ 0.7 ಲೀಟರ್ ಗಾಜಿನ ಬಾಟಲಿ. ಗ್ಯುಂಟರ್ ಕುಪೆಟ್ಸ್ ರೂಪಿಸಿದ್ದು. ಎಷ್ಟೋ ಕಂಪನಿಗಳ ನೀರು ಅದೇ ಬಾಟಲಿಯಲ್ಲಿ ಬರುತ್ತದೆ, ಲೇಬಲ್ ಮಾತ್ರ ಬೇರೆ, ಐವತ್ತು ಸಲದವರೆಗೂ ತುಂಬುತ್ತಾರೆ. ಒಬ್ಬರ ಬಾಟಲಿ ಇನ್ನೊಬ್ಬರ ಕಾರ್ಖಾನೆಗೆ ಹೋದರೂ ಯಾರಿಗೂ ವಾಪಸ್ ಕಳಿಸುವ ಖರ್ಚಿಲ್ಲ. ಹೆಸರಿನ ಮಾತು ಅಲ್ಲಿಗೇ ನಿಂತಿತು. ಮುಚ್ಚಳಕ್ಕೆ ಒಂದು ಪೇಪರ್ ಪಟ್ಟಿ, ಅದರ ಮೇಲೆ ಅವರವರ ಹೆಸರು, ಅಷ್ಟೇ.

ಲೆಕ್ಕಕ್ಕೆ ಆ್ಯಪ್ ಇಲ್ಲ. ಒಂದು ಕಂಪನಿಯವರು ಬಂದು ತಿಂಗಳ ಬಾಡಿಗೆ, ಪ್ರತಿ ಡಬ್ಬಕ್ಕೆ ಇಷ್ಟು ಸೆಂಟ್ ಎಂದು ವಿವರಿಸಿದರು; ಕೂಡಿಸಿದರೆ ನನ್ನ ಉಳಿತಾಯದ ಅರ್ಧ ಅವರಿಗೇ. ಊರಲ್ಲಿ ಮದುವೆಗೆ ಬಾಡಿಗೆ ಪಾತ್ರೆ ತರುವಾಗ ಎಣಿಸಿ ಕೊಟ್ಟು ಎಣಿಸಿ ತಗೋತಾರಲ್ಲ, ಹಾಗೇ ನಡೆಸುತ್ತೇವೆ. ಸೋಮವಾರ ಬೆಳಿಗ್ಗೆ ಎಲ್ಲರೂ ತಮ್ಮಲ್ಲಿರುವ ಡಬ್ಬ ಎಣಿಸಿ ಸಂಖ್ಯೆ ಹಾಕುತ್ತಾರೆ, ಜಾಸ್ತಿ ಇರುವವರು ಕಮ್ಮಿ ಇರುವವರಿಗೆ ಕೊಡುತ್ತಾರೆ, ಒಂದಕ್ಕೆ 5 ಯೂರೊ ಈ ಕಡೆಯಿಂದ ಆ ಕಡೆ. ಇಪ್ಪತ್ತು ಅಂಗಡಿಯಾದರೆ ಇದು ಸಾಲದು, ಗೊತ್ತಿದೆ. ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ 2024ರಿಂದ ಊರ ತುಂಬ ಯಂತ್ರ ಇಟ್ಟಿದ್ದಾರೆ, ಕಪ್ ಒಳಗೆ ಹಾಕಿದರೆ 5 ಕ್ರೋನರ್ ಕಾರ್ಡಿಗೆ ಬರುತ್ತದೆ. ಹೋಗಿ ನೋಡಿಬಂದೆ. ತುಂಬಾ ಇಷ್ಟವಾಯಿತು. ಆದರೆ ಅದು ಊರು ಮಾಡಬೇಕಾದ ಕೆಲಸ, ನಾಲ್ಕು ಅಂಗಡಿಯವರದಲ್ಲ.

ಇದರ ನಡುವೆ ಚಟ್ನಿಪುಡಿಯದೊಂದು ಪ್ರಯೋಗ. ಇಲ್ಲಿ ಮೊಸರು ಬರುವ ಗಾಜಿನ ಜಾಡಿಗೆ 15 ಸೆಂಟ್ ಡಿಪಾಸಿಟ್ ಇದೆ, ಸೂಪರ್ ಮಾರ್ಕೆಟ್ ಯಂತ್ರ ಅದನ್ನು ತೆಗೆದುಕೊಳ್ಳುತ್ತದೆ. ಅದೇ ಜಾಡಿಯಲ್ಲಿ ಚಟ್ನಿಪುಡಿ ತುಂಬಿ ಮಾರಿದರೆ ಖಾಲಿ ಜಾಡಿಯ ಚಿಂತೆ ನನಗಿಲ್ಲ. ಶೇಂಗಾ ಚಟ್ನಿಪುಡಿ ಚೆನ್ನಾಗಿ ಹೋಯಿತು. ಲೇಬಲ್ ಮಾತ್ರ ಕಾಡಿತು. ತೊಳೆಯುವಾಗ ನೀರಲ್ಲಿ ಬಿಡಬೇಕು, ಆದರೆ ಪುಡಿಯ ಎಣ್ಣೆ ತಾಗಿ ಮೊದಲೇ ಬಿಡಬಾರದು. ಸರಿಯಾದ ಅಂಟು ಸಿಕ್ಕಿದೆ, ಯಾವುದು ಎಂದು ಕೇಳಬೇಡಿ. ಉಪ್ಪಿನಕಾಯಿ ಮಾತ್ರ ಅದರಲ್ಲಿ ಹಾಕಲೇಬೇಡಿ. ವಾಸನೆ ಮುಚ್ಚಳದಲ್ಲಿ ಕೂರುತ್ತದೆ.

ಇನ್ನು ತೆರಿಗೆ ಇಲ್ಲದ ಊರಲ್ಲಿ ಇರುವವರಿಗೆ ಒಂದು ಮಾತು. ಯುರೋಪ್ ಒಕ್ಕೂಟದ ಹೊಸ ಪ್ಯಾಕೇಜಿಂಗ್ ನಿಯಮ 2025ರ ಫೆಬ್ರುವರಿಯಲ್ಲಿ ಜಾರಿಗೆ ಬಂದಿದೆ. 2027ರ ಫೆಬ್ರುವರಿಗೆ ಗ್ರಾಹಕರ ಸ್ವಂತ ಪಾತ್ರೆಗೆ ಹಾಕಿಕೊಡುವ ವ್ಯವಸ್ಥೆ, 2028ರ ಫೆಬ್ರುವರಿಗೆ ಮರುಬಳಕೆ ಡಬ್ಬ ಇಡಲೇಬೇಕು. 27 ದೇಶಕ್ಕೂ. ತೀರಾ ಸಣ್ಣ ಅಂಗಡಿಗಳಿಗೆ ಎರಡನೆಯದರಿಂದ ವಿನಾಯಿತಿ ಇದೆ, ಅದನ್ನು ನಂಬಿ ಕೂರಬೇಡಿ. ಪಕ್ಕದ ದೊಡ್ಡ ಅಂಗಡಿ ಶುರು ಮಾಡಿದ ಮೇಲೆ ಜನ ನಿಮ್ಮಲ್ಲೂ ಕೇಳುತ್ತಾರೆ. ಆ ಹೊತ್ತಿಗೆ ಎಲ್ಲರೂ ಬೇರೆ ಬೇರೆ ಅಳತೆಯ ಡಬ್ಬ ಕೊಂಡಿದ್ದರೆ ಯಾರ ಡಬ್ಬವೂ ಯಾರಿಗೂ ಆಗುವುದಿಲ್ಲ. ನನಗೆ ನಿಜವಾಗಿ ಭಯ ಇರುವುದು ಅದೊಂದೇ.

ಕೊನ್‌ಸ್ಟಾನ್ಸ್‌ನಲ್ಲಿ 2025ರಿಂದ ಇಂಥದ್ದೇ ತೆರಿಗೆ ಬಂದಿದೆ. ಅಲ್ಲಿ ನಮ್ಮವರು ಯಾರಾದರೂ ಶುರು ಮಾಡುವುದಿದ್ದರೆ ನಮ್ಮ ಅಳತೆಯನ್ನೇ ತಗೊಳ್ಳಿ. ಸುಮಾರು 150 ಡಬ್ಬದಿಂದ ಶುರು ಮಾಡಿ, ಜಾಸ್ತಿ ಬೇಡ. ಸಿಲಿಕೋನ್ ರಿಂಗ್ ಬಿಡಿಯಾಗಿ ಸಿಗುವ ಡಬ್ಬವನ್ನೇ ಆರಿಸಿ. ಅದು ಆರೇಳು ತಿಂಗಳಿಗೆ ಇಂಗಿನ ವಾಸನೆ ಹಿಡಿದು ಬದಲಿಸಬೇಕಾಗುತ್ತದೆ. ರಿಂಗ್ ಸಿಗದಿದ್ದರೆ 7 ಯೂರೊ ಡಬ್ಬ ಪೂರ್ತಿ ಮೂಲೆ ಸೇರುತ್ತದೆ.