ಕಪ್ಪು ಮೈ, ಮೆತ್ತನೆ ಕೈ: ಗಂಡಸರು ಮುಟ್ಟೋದನ್ನ ಕಲಿಯೋದು ಹೇಗೆ

ನಮ್ಮ ದಾವಣಗೆರೆಯಲ್ಲಿ ಒಬ್ಬ ಗಂಡಸಿನ ಮೈಯನ್ನ ದಿನಕ್ಕೆ ಎಷ್ಟು ಜನ ಮುಟ್ಟುತ್ತಾರೆ ಅಂತ ಲೆಕ್ಕ ಹಾಕಿ ನೋಡಿ. ಬಸ್ಸಲ್ಲಿ ಪಕ್ಕದವರ ಭುಜ ತಾಗುತ್ತೆ. ತಿಂಗಳಿಗೊಮ್ಮೆ ಕಟಿಂಗ್ ಶಾಪಿನಲ್ಲಿ ತಲೆ ಮಾಲೀಶ್ ಆಗುತ್ತೆ. ಜ್ವರ ಬಂದರೆ ಡಾಕ್ಟರು ಕೈ ಹಿಡಿದು ನೋಡುತ್ತಾರೆ. ಮದುವೆಯಾಗಿದ್ದರೆ ಲೈಟ್ ಆರಿಸಿದ ಮೇಲೆ ಹತ್ತು ನಿಮಿಷ. ಅಷ್ಟೇ. ಮೀಸೆ ಬಂದ ಮೇಲೆ ಅಮ್ಮ ತಲೆ ಸವರುವುದೂ ನಿಂತುಹೋಗಿರುತ್ತೆ. ನಲವತ್ತು ವರ್ಷ ಹೀಗೇ ಬದುಕಿದ ಮೇಲೆ, ಹೆಂಡತಿಯ ಹತ್ತಿರ ಪ್ರೀತಿಯಿಂದ ಇರಿ ಅಂದರೆ ಪಾಪ ಅವನು ಎಲ್ಲಿಂದ ಶುರು ಮಾಡಬೇಕು?

ಎಲ್ಲಿಂದ ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು, ಮದುವೆಯಾಗಿ ಹದಿಮೂರು ವರ್ಷ ಆಯ್ತು. ನಾನು ಕಪ್ಪು. ಸುಮ್ನೆ ಎಣ್ಣೆಗೆಂಪಲ್ಲ, ಚೆನ್ನಾಗಿಯೇ ಕಪ್ಪು. ನನ್ನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು, ಉಳಿದಂತೆ ಎಲ್ಲರ ಬಾಯಲ್ಲೂ ನಾನು ‘ಕರಿಯ’. ಪ್ರೀತಿಯಿಂದಲೇ ಕರೆಯುತ್ತಿದ್ದರು ಅಂತ ಈಗಲೂ ಹೇಳುತ್ತಾರೆ. ಆದರೆ 2005ರ ಹೊತ್ತಿಗೆ ಗಂಡಸರಿಗೇ ಅಂತ ಬೆಳ್ಳಗಾಗುವ ಕ್ರೀಮ್ ಬಂದಾಗ, ಯಾರಿಗೂ ಕಾಣದಂತೆ ಒಂದು ಟ್ಯೂಬ್ ತಂದು ಟ್ರಂಕಿನಲ್ಲಿ ಬಟ್ಟೆಯ ಅಡಿ ಇಟ್ಟುಕೊಂಡಿದ್ದೆ. ತನ್ನ ಮೈಯನ್ನ ತಾನೇ ಬಚ್ಚಿಡುವವನು ಇನ್ನೊಬ್ಬರಿಗೆ ಅದನ್ನ ಹೇಗೆ ಕೊಟ್ಟಾನು?

ನನ್ನ ಕಣ್ಣು ತೆರೆಸಿದ್ದು ಅಮೆರಿಕದ ಕಪ್ಪು ಜನರ ಒಂದು ಫೋಟೋ. ಮೆಂಫಿಸ್ ಅನ್ನೋ ಊರು, 1968. ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯೊಳಗೆ ಕೂತಿದ್ದ ಇಬ್ಬರು ಕಾರ್ಮಿಕರು, ಯಂತ್ರ ತಾನಾಗಿಯೇ ಚಾಲೂ ಆಗಿ ಅದರಲ್ಲೇ ಅಪ್ಪಚ್ಚಿಯಾದರು. ಹನ್ನೆರಡನೇ ತಾರೀಕಿನಿಂದ ಸುಮಾರು 1300 ಮಂದಿ ಕೆಲಸ ನಿಲ್ಲಿಸಿದರು. ಫೋಟೋದಲ್ಲಿ ಅವರು ಸಾಲಾಗಿ ನಿಂತಿದ್ದಾರೆ, ಎಲ್ಲರ ಬಳಿಯೂ ಒಂದೇ ಫಲಕ: ‘ಐ ಆಮ್ ಎ ಮ್ಯಾನ್’. ನಾನು ಮನುಷ್ಯ ಅಂತಲೂ ಹೌದು, ನಾನು ಗಂಡಸು ಅಂತಲೂ ಹೌದು. ಅರವತ್ತು ವರ್ಷದ ಮುದುಕನನ್ನೂ ಬಿಳಿಯರು ‘ಬಾಯ್’ ಅಂತಲೇ ಕರೆಯುತ್ತಿದ್ದರು, ಅಂದರೆ ‘ಏ ಹುಡುಗ’. ಅದಕ್ಕೆ ಕೊಟ್ಟ ಉತ್ತರ ಅದು.

ಅವರ ಕಥೆಯನ್ನ ಸ್ವಲ್ಪ ಹಿಂದಕ್ಕೆ ಹೋಗಿ ಓದಿದರೆ ಹೊಟ್ಟೆ ತೊಳಸುತ್ತೆ. ಗುಲಾಮರಾಗಿದ್ದಾಗ ಅವರ ಮದುವೆಗೆ ಕಾನೂನಿನಲ್ಲಿ ಬೆಲೆಯೇ ಇರಲಿಲ್ಲ, ಹೆಂಡತಿಯನ್ನ ಒಂದು ಕಡೆ, ಮಕ್ಕಳನ್ನ ಇನ್ನೊಂದು ಕಡೆ ಮಾರಿಬಿಡುತ್ತಿದ್ದರು. 1865ರಲ್ಲಿ ಬಿಡುಗಡೆಯಾದ ಮೇಲೆ ಅವರಲ್ಲಿ ಎಷ್ಟೋ ಜನ ಮಾಡಿದ ಕೆಲಸ ಗೊತ್ತಾ? ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದರು. ನನ್ನ ಹೆಂಡತಿ ಎಲ್ಲಿದ್ದಾಳೆ, ಇಂಥವರು ಮಾರಿದ ನನ್ನ ಮಗ ಎಲ್ಲಿದ್ದಾನೆ, ಕಂಡವರು ತಿಳಿಸಿ ಅಂತ. ಅಷ್ಟು ಮೆತ್ತನೆ ಮನಸ್ಸಿನ ಜನರನ್ನ ಲೋಕ ಮೃಗ ಅಂತ ಕರೀತು. 1955ರಲ್ಲಿ ಎಮೆಟ್ ಟಿಲ್ ಅನ್ನೋ 14 ವರ್ಷದ ಹುಡುಗನನ್ನ, ಬಿಳಿ ಹೆಂಗಸಿಗೆ ಸಿಳ್ಳೆ ಹಾಕಿದ ಅಂತ ಹೇಳಿ ಕೊಂದರು. ಇಂಥದ್ದನ್ನ ಕಂಡ ಅಪ್ಪಂದಿರು ಮಕ್ಕಳಿಗೆ ಏನು ಕಲಿಸುತ್ತಾರೆ? ಕೈ ಕಟ್ಟಿಕೊಂಡಿರು. ಮುಖದ ಮೇಲೆ ಏನೂ ತೋರಿಸಬೇಡ. ಗಟ್ಟಿಯಾಗಿರು. ಆ ಗಟ್ಟಿತನ ಜೀವ ಉಳಿಸಿತು, ನಿಜ. ಆದರೆ ಅದನ್ನ ಮನೆಗೆ ಬಂದು ಚಪ್ಪಲಿ ಜೊತೆ ಹೊರಗೆ ಬಿಡೋಕಾಗಲ್ಲ. ಇವತ್ತು ಅಲ್ಲಿನ ಕಪ್ಪು ಗಂಡಸರು ಸರಸ, ಸಲಿಗೆ, ಮೈಯ ಸವಿ ಅಂತ ಬಾಯಿಬಿಟ್ಟು ಮಾತಾಡುತ್ತಾರೆ ಅಂದರೆ ಅದು ಬರೀ ಶೋಕಿ ಅಲ್ಲ. ಕಿತ್ತುಕೊಂಡಿದ್ದನ್ನ ವಾಪಸ್ ತಗೊಳ್ಳುತ್ತಿದ್ದಾರೆ.

ಅವರ ನೋವು ನಮ್ಮದೂ ಹೌದು ಅಂತ ನಾನು ಹೇಳಲ್ಲ. ಆದರೆ ಮುಟ್ಟುವ ವಿಷಯದಲ್ಲಿ ನಮ್ಮ ಕೈಯೇನು ಚೊಕ್ಕವಾಗಿಲ್ಲ. ಯಾರು ಯಾರನ್ನ ಮುಟ್ಟಬಹುದು ಅಂತ ಜಾತಿಯೇ ತೀರ್ಮಾನ ಮಾಡಿದ ನಾಡು ಇದು. 1972ರಲ್ಲಿ ಮುಂಬೈಯ ಹುಡುಗರು ಅಮೆರಿಕದ ಕಪ್ಪು ಜನರ ಹೋರಾಟದ ಸಂಘಟನೆ ಬ್ಲಾಕ್ ಪ್ಯಾಂಥರ್ಸ್ ನೋಡಿಯೇ ದಲಿತ ಪ್ಯಾಂಥರ್ಸ್ ಕಟ್ಟಿದರು. ಇಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು ನಮ್ಮ ಪಕ್ಕದ ಹರಿಹರದಲ್ಲೇ. ಮುಟ್ಟೋದು ಅನ್ನೋದು ಎಂದೂ ಸಣ್ಣ ವಿಷಯ ಆಗಿರಲಿಲ್ಲ, ಇದನ್ನ ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ನಿಮ್ಮ ಮೈಯಿಂದಲೇ ಶುರು ಮಾಡಿ

ಯುಗಾದಿಗೆ, ದೀಪಾವಳಿಗೆ ಎಣ್ಣೆ ಸ್ನಾನ ಮಾಡ್ತೀವಲ್ಲ, ಅದನ್ನ ವಾರಕ್ಕೊಮ್ಮೆ ಮಾಡಿ. ಭಾನುವಾರ ಬೆಳಿಗ್ಗೆ ಸಾಕು. ಅರ್ಧ ಬಟ್ಟಲು ಕೊಬ್ಬರಿ ಎಣ್ಣೆಯನ್ನ ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರು ಬೆಚ್ಚಗೆ ಮಾಡಿಕೊಳ್ಳಿ. ಹರಳೆಣ್ಣೆ ಬೇಕಾದರೆ ಸ್ವಲ್ಪ ಬೆರೆಸಿ, ಬರೀ ಹರಳೆಣ್ಣೆ ಜಿಗುಟು ಜಾಸ್ತಿ. ನೆಲದ ಮೇಲೆ ಗೋಣಿತಾಟು ಹಾಸಿ, ಇಲ್ಲಾಂದ್ರೆ ಜಾರಿ ಬೀಳ್ತೀರ.

ಈಗ ಮುಖ್ಯ ವಿಷಯ. ನಾವು ಎಣ್ಣೆಯನ್ನ ಸೈಕಲ್ ಚೈನಿಗೆ ಹಾಕಿದ ಹಾಗೆ ಪಟಪಟ ಅಂತ ಹಚ್ಚಿ ಮುಗಿಸ್ತೀವಿ. ಹಾಗೆ ಮಾಡಬೇಡಿ. ನಮ್ಮ ಚರ್ಮದಲ್ಲಿ, ಅದರಲ್ಲೂ ಕೂದಲಿರುವ ತೋಳು, ಬೆನ್ನು, ಕಾಲಿನಲ್ಲಿ, ನಿಧಾನದ ಸ್ಪರ್ಶಕ್ಕೆ ಅಂತಲೇ ಬೇರೆ ನರಗಳಿವೆ. ಕೈ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೆಲ್ಲಗೆ ಸರಿದಾಗ ಅವು ಚೆನ್ನಾಗಿ ಎಚ್ಚರಗೊಳ್ಳುತ್ತವೆ. ಬೇಗ ಉಜ್ಜಿದರೆ ಅವುಗಳ ಪ್ರತಿಕ್ರಿಯೆ ಕಡಿಮೆ. ಅಂದರೆ ಮೊಣಕೈಯಿಂದ ಮಣಿಕಟ್ಟಿಗೆ ಬರಲು ಎಂಟು ಸೆಕೆಂಡ್ ತಗೊಳ್ಳಿ. ಒಂದು, ಎರಡು ಅಂತ ಎಣಿಸಿ. ಮೊದಲ ಸಲ ನನಗೆ ನಾಲ್ಕಕ್ಕೇ ಕೈ ತಾನಾಗಿ ಓಡಿಬಿಟ್ಟಿತ್ತು, ಎಂಟು ಸೆಕೆಂಡ್ ನನ್ನ ಮೈ ಜೊತೆ ನಾನೇ ಇರೋಕೆ ಆಗುತ್ತಿರಲಿಲ್ಲ. ಮೂರನೇ ವಾರಕ್ಕೆ ಆಯ್ತು. ಬಿಸಿಲು ಕಿಟಕಿಯಿಂದ ತೋಳಿನ ಮೇಲೆ ಬಿದ್ದಿತ್ತು. ಎಣ್ಣೆ ಹಚ್ಚಿದ ಕಪ್ಪು ಚರ್ಮ ಬಿಸಿಲಿಗೆ ಹೇಗೆ ಹೊಳೆಯುತ್ತೆ ನೋಡಿದ್ದೀರಾ? ಹಳೇ ಬೀಟೆ ಮರದ ಕಂಬದ ಹಾಗೆ, ಒಳಗಿಂದ ಕೆಂಪು ಕಾಣುತ್ತೆ. ನಾನು ನನ್ನ ತೋಳನ್ನ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಅರ್ಧ ಗಂಟೆ ಬಿಟ್ಟು ಸೀಗೆಪುಡಿ, ಕಡ್ಲೆಹಿಟ್ಟು ಹಚ್ಚಿ ಬಿಸಿನೀರು ಹಾಕಿಕೊಳ್ಳಿ. ಆಮೇಲೆ ಕನ್ನಡಿ ಮುಂದೆ ಒಂದು ನಿಮಿಷ ನಿಲ್ಲಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ.

ಹೆಂಡತಿಯ ಹತ್ತಿರ

ಇಲ್ಲಿ ಒಂದೇ ನಿಯಮ, ಉಳಿದಿದ್ದೆಲ್ಲ ಅದರಿಂದಲೇ ಬರುತ್ತೆ: ಏನನ್ನೂ ಕೇಳದೆ ಮುಟ್ಟೋದನ್ನ ಕಲಿಯಿರಿ. ಏನನ್ನೂ ಅಂದರೆ, ಅದರ ಮುಂದೆ ಇನ್ನೇನೋ ಆಗಲೇಬೇಕು ಅನ್ನೋ ಬೇಡಿಕೆ ಇಲ್ಲದೆ. ಮುಟ್ಟಲಾ ಅಂತ ಮಾತ್ರ ಬಾಯಿಬಿಟ್ಟೇ ಕೇಳಿ.

ನಮ್ಮ ಹೆಚ್ಚಿನ ಮನೆಗಳಲ್ಲಿ ಗಂಡ ಹೆಗಲ ಮೇಲೆ ಕೈ ಇಟ್ಟ ಅಂದರೆ ಹೆಂಡತಿಗೆ ಅದರ ಅರ್ಥ ಒಂದೇ. ಹಗಲೆಲ್ಲ ಒಲೆ ಮುಂದೆ, ಕೆಲಸದಲ್ಲಿ, ಮಕ್ಕಳ ಹೋಂವರ್ಕ್‌ನಲ್ಲಿ ಸವೆದವಳು ಆ ಕೈ ಕಂಡರೆ ಮೈ ಬಿಗಿ ಹಿಡಿಯುತ್ತಾಳೆ. ತಪ್ಪು ಅವಳದಲ್ಲ, ಆ ಕೈ ಇಷ್ಟು ವರ್ಷ ಸುಮ್ಮನೆ ಬಂದೇ ಇಲ್ಲ. ಹಾಗಾಗಿ ಒಂದು ತಿಂಗಳು ಹೀಗೆ ಮಾಡಿ. ದಿನಕ್ಕೊಮ್ಮೆ, ಹಗಲಿನಲ್ಲೇ, ಹತ್ತು ನಿಮಿಷ ಅವಳ ತಲೆಗೆ ಎಣ್ಣೆ ಹಚ್ಚಿ, ಇಲ್ಲವೇ ಪಾದ ಒತ್ತಿ, ಇಲ್ಲವೇ ಸುಮ್ನೆ ಪಕ್ಕ ಕೂತು ಕೈ ಹಿಡಿದುಕೊಳ್ಳಿ. ಮುಗಿದ ಮೇಲೆ ಎದ್ದು ಹೋಗಿ. ನಾನು ಮೊದಲ ದಿನ ಎಣ್ಣೆ ಬಟ್ಟಲು ಹಿಡಿದು ಬಂದಾಗ ಮನೆಯವಳು ಸೊಪ್ಪು ಸೋಸುತ್ತಿದ್ದಳು. ‘ಯಾಕ್ರೀ, ಏನಾತು?’ ಅಂದಳು, ಏನೋ ಕೆಟ್ಟ ಸುದ್ದಿ ತಂದಿದ್ದೇನೆ ಅನ್ನೋ ಮುಖ. ಏನೂ ಆಗಿಲ್ಲ, ತಲೆಗೆ ಎಣ್ಣೆ ಹಚ್ಚಲಾ ಅಂದೆ. ಬೇಡ ಅಂದಳು. ಸರಿ ಅಂತ ವಾಪಸ್ ಬಂದೆ. ಆ ‘ಸರಿ’ ಮುಖ್ಯ. ಬೇಡ ಅಂದರೆ ಬೇಡ, ಮುಖ ಊದಿಸಿಕೊಳ್ಳೋ ಹಾಗಿಲ್ಲ, ಚಪಾತಿ ಗಟ್ಟಿ ಆಗಿದೆ ಅಂತ ಸೇಡು ತೀರಿಸಿಕೊಳ್ಳೋ ಹಾಗಿಲ್ಲ. ನಾಲ್ಕನೇ ದಿನ ಅವಳೇ ಬಾಚಣಿಗೆ ತಂದು ಮುಂದೆ ಕೂತಳು.

ಲೈಟ್ ಆರಿದ ಮೇಲಿನ ಮಾತಿಗೂ ಇದೇ ದಾರಿ. ಅವಸರ ಬೇಡ. ಕೇಳಿ: ಇದು ಹಿತವಾ, ಇಲ್ಲಿ ಬೇಡವಾ, ಇನ್ನೂ ನಿಧಾನವಾ. ಕೇಳಿದರೆ ಗಂಡಸುತನ ಕಡಿಮೆ ಆಗುತ್ತೆ ಅನ್ನೋದು ಶುದ್ಧ ಸುಳ್ಳು. ನಿಮಗೇನು ಹಿತ ಅಂತಲೂ ಹೇಳಿ. ಗಂಡಸಿನ ಮೈ ಅಂದರೆ ಒಂದೇ ಒಂದು ಅಂಗ ಅನ್ನೋ ಹಾಗೆ ನಮ್ಮನ್ನ ಬೆಳೆಸಿದ್ದಾರೆ. ಕತ್ತಿನ ಹಿಂಭಾಗ, ಕಿವಿಯ ಹಾಲೆ, ಬೆನ್ನು, ಅಂಗೈ ಎಲ್ಲ ನಿಮ್ಮವೇ ಅಲ್ವಾ? ಕೆಲವು ರಾತ್ರಿ ಬರೀ ತಬ್ಬಿಕೊಂಡು ಮಲಗಿ. ಅದು ಸೋಲಲ್ಲ.

ಒಂದೇ ಕೋಣೆ, ಮಕ್ಕಳು ಪಕ್ಕದಲ್ಲೇ, ಆಚೆ ಅತ್ತೆ ಮಾವ, ಏಕಾಂತ ಎಲ್ಲಿಂದ ತರೋದು ಅಂತ ಕೇಳ್ತೀರ. ಗೊತ್ತು. ಮನೆಯ ಹೊರಗೇ ಹುಡುಕಿಕೊಳ್ಳಬೇಕು. ಕುಂದವಾಡ ಕೆರೆ ಏರಿ ಮೇಲೆ ಸಂಜೆ ಇಬ್ಬರೇ ನಡೆಯಿರಿ, ಫೋನ್ ಮನೆಯಲ್ಲಿ ಬಿಟ್ಟು. ರಜೆ ದಿನ ಚಿತ್ರದುರ್ಗಕ್ಕೆ ಹೋಗಿ ಚಂದ್ರವಳ್ಳಿ ಕೆರೆ ಹತ್ತಿರ ಬಂಡೆ ಮೇಲೆ ಕೂತು ಬನ್ನಿ. ಕೋಟೆ ಹತ್ತುವಾಗ ಕಡಿದಾದ ಮೆಟ್ಟಿಲಲ್ಲಿ ಅವಳ ಕೈ ಹಿಡಿಯಿರಿ, ಇಳಿದು ಬಂದ ಮೇಲೂ ಬಿಡಬೇಡಿ.

ನಿಮ್ಮ ಜೊತೆಗಾರ ಗಂಡಸೇ ಆಗಿದ್ದರೂ ಮೇಲೆ ಹೇಳಿದ್ದರಲ್ಲಿ ಒಂದು ಅಕ್ಷರವೂ ಬದಲಾಗಲ್ಲ. 2018ರ ಸೆಪ್ಟೆಂಬರ್ 6ರಿಂದ ಕಾನೂನಿಗೂ ಅದು ಅಪರಾಧವಲ್ಲ.

ಗೆಳೆಯರು, ಕಟಿಂಗ್ ಶಾಪು, ಡಾಕ್ಟರು

ಗರಡಿ ಮನೆಯನ್ನ ಮರೆತಿದ್ದೀವಿ ನಾವು. ಪೈಲ್ವಾನರ ಊರು ಇದು. ಕುಸ್ತಿ ಮುಗಿದ ಮೇಲೆ ಕೆಮ್ಮಣ್ಣು ಮೆತ್ತಿದ ಮೈಯಲ್ಲೇ ಒಬ್ಬರಿಗೊಬ್ಬರು ಕಾಲು ತುಳಿದು, ಬೆನ್ನು ತಿಕ್ಕಿ ಮಾಲೀಶ್ ಮಾಡುತ್ತಾರೆ. ಅವರಿಗಿಂತ ಗಂಡಸು ಯಾರಿದ್ದಾರೆ? ಅವರ್ಯಾರೂ ನಾಚಿಕೊಳ್ಳಲ್ಲ. ಗೆಳೆಯ ಅಪ್ಪನನ್ನ ಕಳಕೊಂಡು ಬಂದರೆ ದೂರ ನಿಂತು ‘ಧೈರ್ಯ ತಗೊ’ ಅನ್ನಬೇಡಿ. ಹತ್ತಿರ ಹೋಗಿ ತಬ್ಬಿಕೊಳ್ಳಿ, ಅವನು ಬಿಡುವ ತನಕ ನೀವು ಬಿಡಬೇಡಿ.

ಅಮೆರಿಕದಲ್ಲೂ ಕಪ್ಪು ಗಂಡಸರು ಮನಸ್ಸು ಬಿಚ್ಚೋದು ಕಟಿಂಗ್ ಶಾಪಿನಲ್ಲೇ. 2018ರಲ್ಲಿ ಲಾಸ್ ಏಂಜಲೀಸ್ ಕಡೆಯ ಒಂದು ಅಧ್ಯಯನ ಪ್ರಕಟವಾಯ್ತು: 52 ಶಾಪು, ಬಿಪಿ ಜಾಸ್ತಿ ಇದ್ದ 319 ಗಿರಾಕಿಗಳು. ಎಲ್ಲರಿಗೂ ಕ್ಷೌರಿಕರೇ ಬಿಪಿ ಬಗ್ಗೆ ಮಾತಾಡಿದರು. ಅರ್ಧದಷ್ಟು ಶಾಪುಗಳಿಗೆ ಔಷಧ ತಜ್ಞರೇ (ಫಾರ್ಮಸಿಸ್ಟ್) ಬಂದು ಮಾತ್ರೆ ಬರೆದುಕೊಟ್ಟು ನೋಡಿಕೊಂಡರು, ಉಳಿದ ಕಡೆ ಡಾಕ್ಟರ ಹತ್ತಿರ ಹೋಗಿ ಅಂತ ಹೇಳಿ ಕಳಿಸಿದರು. ತಜ್ಞರು ಬಂದ ಕಡೆ ಬಿಪಿ ತುಂಬಾ ಇಳಿಯಿತು. ತನ್ನ ತಲೆ ಮುಟ್ಟಲು ಯಾರಿಗೆ ಬಿಡುತ್ತಾನೋ ಅವರ ಮಾತನ್ನ ಗಂಡಸು ನಂಬುತ್ತಾನೆ.

ಬಿಪಿ ವಿಷಯ ಯಾಕೆ ಅಂದರೆ, ಹಾಸಿಗೆಯಲ್ಲಿ ಗಟ್ಟಿಯಾಗದೆ ಇರೋದಕ್ಕೆ ಎಷ್ಟೋ ಸಲ ಕಾರಣ ಶುಗರ್, ಬಿಪಿ, ಸಿಗರೇಟು, ಕುಡಿತ. ಲಿಂಗದ ರಕ್ತನಾಳ ಸಣ್ಣದು, ಹೃದಯದ ತೊಂದರೆ ಮೊದಲು ಅಲ್ಲೇ ಕಾಣಿಸಬಹುದು. ದಯವಿಟ್ಟು ಬಸ್ ಸ್ಟ್ಯಾಂಡ್ ಗೋಡೆಯ ಗುಪ್ತರೋಗದ ಪೋಸ್ಟರ್ ನಂಬಬೇಡಿ, ಪುಡಿ ತಗೋಬೇಡಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ನಾಚಿಕೆ ಬಿಟ್ಟು ಹೇಳಿ. ಮನಸ್ಸೇ ಭಾರವಾಗಿದ್ದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಇನ್ನೂ ಇದ್ದರೆ

ಇದನ್ನ ಕೊನೆಗೆ ಇಟ್ಟಿದ್ದೇನೆ, ಯಾಕಂದ್ರೆ ಇದೇ ಎಲ್ಲಕ್ಕಿಂತ ಕಷ್ಟ. ನಮ್ಮ ಅಪ್ಪಾಜಿ ಹತ್ತಿ ಮಿಲ್ಲಿನಲ್ಲಿ ದುಡಿದವರು. ಬೈದದ್ದು ನೆನಪಿದೆ, ಹೊಡೆದದ್ದು ನೆನಪಿದೆ, ಎತ್ತಿಕೊಂಡಿದ್ದು ಮಾತ್ರ ನೆನಪಿಲ್ಲ. ಹೋದ ಬೇಸಿಗೆಯಲ್ಲಿ ಮಂಡಿ ನೋವು ಜಾಸ್ತಿಯಾಗಿ ಮಂಚ ಹಿಡಿದಿದ್ದರು. ಎಣ್ಣೆ ಬಟ್ಟಲು ತಗೊಂಡು ಹೋಗಿ ಕಾಲ ಬುಡದಲ್ಲಿ ಕೂತೆ. ನೀವೂ ಹಾಗೇ ಮಾಡಿ: ಮಾತು ಶುರು ಮಾಡಬೇಡಿ, ಹಳೇದನ್ನ ಕೆದಕಬೇಡಿ, ಹಿಮ್ಮಡಿಯಿಂದ ಶುರು ಮಾಡಿ. ಅವರ ಹಿಮ್ಮಡಿ ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರುಕು ಬಿಟ್ಟಿತ್ತು, ಎಣ್ಣೆ ಹಾಕಿದಷ್ಟೂ ಕುಡಿಯುತ್ತಿತ್ತು. ಬಣ್ಣ ನನ್ನದೇ. ನನ್ನ ಕೈ ಎಲ್ಲಿ ಮುಗೀತು, ಅವರ ಕಾಲು ಎಲ್ಲಿ ಶುರುವಾಯ್ತು ಗೊತ್ತಾಗುತ್ತಿರಲಿಲ್ಲ.

‘ಬಿಡೋ ತಮ್ಮಾ, ಸಾಕು’ ಅಂತ ಕಾಲು ಎಳೆದುಕೊಂಡರು. ನಾನು ಅಲ್ಲೇ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ, ಗೋಡೆ ಕಡೆ ಮುಖ ಮಾಡಿಕೊಂಡೇ, ಇನ್ನೊಂದು ಕಾಲನ್ನ ನನ್ನ ಕಡೆ ಚಾಚಿದರು.